ಗಣಿತ ಮೇಷ್ಟ್ರನ್ನ ಕೇಳಿ: ಭಿನ್ನರಾಶಿ, ದಶಮಾಂಶ (ಮಂಡ್ಯ ಪೋಷಕರ ಗುಂಪು)

ಮಳವಳ್ಳಿ: ಸಾರ್, ಮಗಳ ಹೋಂವರ್ಕು. 3/8 ದಶಮಾಂಶದಲ್ಲಿ ಎಷ್ಟು?

ಮೇಷ್ಟ್ರು: ಅಂಶವನ್ನ ಛೇದದಿಂದ ಭಾಗಿಸಿ. 3 ÷ 8 = 0.375. ಭಾಗಾಕಾರ ಅವಳ ಕೈಲೇ ಮಾಡಿಸಿ.

ಮದ್ದೂರು: ನಮಸ್ಕಾರ ಮೇಷ್ಟ್ರೇ. ಪಹಣೀಲಿ 2.20 ಅಂತದೆ. ನಾವು ಮೂರು ಜನ ಅಣ್ಣತಮ್ಮಂದಿರು. ಭಾವ ಮೊಬೈಲಲ್ಲಿ 2.20 ÷ 3 ಮಾಡಿ, 0.73 ಎಕರೆ, ತಲಾ 29 ಗುಂಟೆ ಅಂತ ವಿಭಾಗಪತ್ರ ಬರೆಸ್ತಾವ್ರೆ. ಸರಿನಾ?

ಮೇಷ್ಟ್ರು: ಸರಿಯಿಲ್ಲ. ಮೊದಲು ಪತ್ರ ನಿಲ್ಲಿಸಿ. ಆ ಚುಕ್ಕಿ ದಶಮಾಂಶದ್ದಲ್ಲ. ಅದರ ಎಡಕ್ಕಿರೋದು ಎಕರೆ, ಬಲಕ್ಕಿರೋದು ಗುಂಟೆ. ಎಕರೆಗೆ 40 ಗುಂಟೆ. 20/40 ಅಂದ್ರೆ ಅರ್ಧ, ನಿಮ್ಮದು ಎರಡೂವರೆ ಎಕರೆ. ದಶಮಾಂಶದಲ್ಲಿ 2.5, ಗುಂಟೆ ಲೆಕ್ಕದಲ್ಲಿ 100. ತಲಾ 33⅓ ಗುಂಟೆ ಬರಬೇಕು. 29 ಅಂತ ಬರೆಸಿದ್ರೆ ಒಬ್ಬೊಬ್ಬರಿಗೂ ನಾಲ್ಕು ಗುಂಟೆಗೂ ಮಿಕ್ಕಿ ಹೋಯ್ತು. ಗುಂಟೆ 1089 ಚದರಡಿ. 30×40ರ ಮೂರು ಸೈಟು ಬರೋ ಜಾಗ ಅದು!

33.33 ಅಂತಲೂ ಬರೆಸಬೇಡಿ. ಗುಂಟೆ ಕೆಳಗೆ ಆಣೆ, ಗುಂಟೆಗೆ 16 ಆಣೆ. ⅓ ಗುಂಟೆ ಅಂದ್ರೆ 16/3, ಐದು ಆಣೆ ಚಿಲ್ಲರೆ. ಇಬ್ಬರಿಗೆ 33 ಗುಂಟೆ 5 ಆಣೆ, ಒಬ್ಬರಿಗೆ 33 ಗುಂಟೆ 6 ಆಣೆ ಹಾಕಿ ಕೂಡಿ ನೋಡಿ, ಸರಿಯಾಗಿ 100 ಗುಂಟೆ ಬರುತ್ತೆ.

ಶ್ರೀರಂಗಪಟ್ಟಣ: ಗುಂಪಲ್ಲಿ ಬಂದಿದ್ದು, ಎಲ್ಲರಿಗೂ ಕಳಿಸಿ: "ಲ.ಸಾ.ಅ. ಬೇಡ! ಮೇಲಿಂದು ಮೇಲೆ, ಕೆಳಗಿಂದು ಕೆಳಗೆ ಕೂಡಿ. 1/2 + 1/3 = 2/5."

ಮೇಷ್ಟ್ರು: ದಯವಿಟ್ಟು ಅಳಿಸಿ, ಮಕ್ಕಳ ಕಣ್ಣಿಗೆ ಬೀಳೋದು ಬೇಡ. 2/5 ಅಂದ್ರೆ 0.4. ಅರ್ಧಕ್ಕೆ ಇನ್ನಷ್ಟು ಕೂಡಿದ ಮೇಲೆ ಅರ್ಧಕ್ಕಿಂತ ಕಮ್ಮಿ ಹೇಗಾಗುತ್ತೆ? 3/6 + 2/6 = 5/6.

ಶ್ರೀರಂಗಪಟ್ಟಣ: ಗುಣಾಕಾರ ಹಂಗೇ ಅಲ್ವಾ ಮಾಡೋದು?

ಮೇಷ್ಟ್ರು: ಗುಣಾಕಾರಕ್ಕೆ ಹೌದು. ನೀವು ಕಳಿಸಿದ್ದು ಸಂಕಲನ.

ನಾಗಮಂಗಲ: 5/8 ಎಷ್ಟು ಸಾರ್?

ಮೇಷ್ಟ್ರು: ಮೇಲೆ ಹೇಳಿದೀನಿ. ಭಾಗಿಸಿ.

ಪಾಂಡವಪುರ: 22 ಕ್ಯಾರೆಟ್ ಚಿನ್ನ ಅಂದ್ರೆ 22/24. ಅದು 916 ಹೆಂಗಾಯ್ತು?

ಶ್ರೀರಂಗಪಟ್ಟಣ: ಮದ್ದೂರಣ್ಣ, ನಿಮ್ಮ ಭಾವಂದೇ ಸರಿ ಇರಬೋದು. ಕ್ಯಾಲ್ಕುಲೇಟರ್ ತಪ್ಪು ಹೇಳಲ್ಲ.

ಕೆ.ಆರ್.ಪೇಟೆ: ಕ್ಯಾಲ್ಕುಲೇಟರಿಗೆ ಗುಂಟೆ ಗೊತ್ತಾ? ಓದದೆ ಬರೀಬೇಡಿ.

ಶ್ರೀರಂಗಪಟ್ಟಣ: ನೀವ್ಯಾರ್ರೀ ನಂಗೆ ಹೇಳಕ್ಕೆ?

ಮಳವಳ್ಳಿ: ಇಬ್ರೂ ಸುಮ್ನಿರಿ, ಇಲ್ಲಿ ಹೆಣ್ಮಕ್ಳು ಮಕ್ಳು ಎಲ್ಲಾ ಓದ್ತಾರೆ.

ಮೇಷ್ಟ್ರು: ಸಾಕು ನಿಲ್ಲಿಸಿ. ಮದ್ದೂರಿನವರೇ, ಪತ್ರ ನಿಂತಿತಾ?

ಮದ್ದೂರು: ಭಾವ ಒಪ್ತಿಲ್ಲ. ಪಾಯಿಂಟ್ ಅಂದ್ರೆ ಪಾಯಿಂಟೇ ಅಂತಾವ್ರೆ.

ಮೇಷ್ಟ್ರು: 2 ಎಕರೆ 39 ಗುಂಟೆಗೆ ಒಂದು ಗುಂಟೆ ಸೇರಿಸಿ ಬರೀರಿ ಅಂತ ಕೇಳಿ. 2.40 ಆಗಲ್ಲ, 3.00 ಆಗುತ್ತೆ. ಅದಕ್ಕೂ ಒಪ್ಪದಿದ್ರೆ ನಂಗೆ ಫೋನ್ ಕೊಡಿ. ಅಲ್ಲೀವರೆಗೂ ಮೂರು ಜನದಲ್ಲಿ ಯಾರೂ ರುಜು ಹಾಕಬೇಡಿ.