ನ್ಯಾರೋಬೋಟಿನ ವೇಗ ಕುಸಿದಿದೆ, ಟಿಲ್ಲರ್ ನಡುಗುತ್ತಿದೆ: ಮೊದಲ ಕಾಲುವೆಯಾನದಲ್ಲಿ ಸಹಾಯ ಬೇಕು

ಪ್ರಶ್ನೆ (ಕಾರವಾರದಿಂದ ಬಂದವರು)

ನಾವು ಕೋಡಿಬಾಗದವರು. ಮಗಳು ಇಂಗ್ಲೆಂಡಿನಲ್ಲಿರುವುದರಿಂದ ಈ ಸಲ ನಾಲ್ವರೂ ಸೇರಿ ಲಾಂಗೊಲೆನ್ ಕಾಲುವೆಯಲ್ಲಿ ಒಂದು ವಾರಕ್ಕೆ ನ್ಯಾರೋಬೋಟ್ (ಕಿರಿದಾದ ಉದ್ದನೆಯ ಕಾಲುವೆ ದೋಣಿ) ಬಾಡಿಗೆಗೆ ಪಡೆದಿದ್ದೇವೆ. ಉದ್ದ 57 ಅಡಿ, ಅಗಲ 6 ಅಡಿ 10 ಇಂಚು. ನಿನ್ನೆ ಎಲ್ಸ್‌ಮಿಯರ್‌ನಿಂದ ಪಶ್ಚಿಮಕ್ಕೆ ಹೊರಟೆವು, ಸಂಜೆಯವರೆಗೂ ತೊಂದರೆಯಿರಲಿಲ್ಲ. ಇಂದು ಬೆಳಿಗ್ಗೆ ಸೇತುವೆಯೊಂದರ ಕಿರಿದಾದ ಕಂಡಿ ದಾಟಿದ ಕೂಡಲೇ ವೇಗ ಕುಸಿಯಿತು. ಥ್ರಾಟಲ್ ಏರಿಸಿದರೆ ಸದ್ದು ಹೆಚ್ಚುತ್ತದೆಯೇ ಹೊರತು ದೋಣಿ ಮುಂದೆ ಹೋಗದು. ಹೊಗೆ ಕಪ್ಪಾಗುತ್ತದೆ, ಟಿಲ್ಲರ್ (ಚುಕ್ಕಾಣಿಯ ಹಿಡಿಕೆ) ಕೈಯಲ್ಲಿ ಗಡಗಡ ನಡುಗುತ್ತದೆ. ಕಾಳಿ ನದಿಯಲ್ಲಿ ಔಟ್‌ಬೋರ್ಡ್ ದೋಣಿ ನಡೆಸಿದ್ದೇನೆ; ಅಲ್ಲಾದರೆ ಎಂಜಿನ್ ಮೇಲೆತ್ತಿ ಫ್ಯಾನ್ (ಪ್ರೊಪೆಲ್ಲರ್) ನೋಡಿಬಿಡುತ್ತಿದ್ದೆ. ಇಲ್ಲಿ ಎಂಜಿನ್ ದೋಣಿಯ ಹೊಟ್ಟೆಯೊಳಗಿದೆ. ಏನು ಮಾಡಲಿ?

ಉತ್ತರ (ಹೊನ್ನಾವರದವರು, ಇದೇ ಕಾಲುವೆಯಲ್ಲಿ ಎರಡು ಬಾರಿ ಹೋಗಿಬಂದವರು)

ಮೊದಲು ಥ್ರಾಟಲ್ ಇಳಿಸಿ. ಕಾಲುವೆ ಆಳವಿಲ್ಲದ್ದು, ಎಂಜಿನ್ ಜೋರಾದಷ್ಟೂ ದೋಣಿಯ ಹಿಂಬದಿ ತಳಕ್ಕೆ ಕುಸಿದು ವೇಗ ಇನ್ನೂ ಕಡಿಮೆಯಾಗುತ್ತದೆ. ನೀವು ಹೇಳಿದ ಮೂರೂ ಲಕ್ಷಣಗಳನ್ನು ಒಟ್ಟಿಗೆ ನೋಡಿದರೆ ಫ್ಯಾನಿಗೆ ಏನೋ ಸುತ್ತಿಕೊಂಡಿದೆ ಎಂದೇ ನನಗೆ ಅನ್ನಿಸುತ್ತದೆ. ಸೇತುವೆಗಳ ಕೆಳಗೆ ಕಸ ಸೇರುವುದು ಸಾಮಾನ್ಯ.

ನ್ಯೂಟ್ರಲ್‌ಗೆ ಬಂದು, ಕೆಲವು ಕ್ಷಣ ರಿವರ್ಸ್ ಕೊಟ್ಟು, ಮತ್ತೆ ನ್ಯೂಟ್ರಲ್‌ಗೆ ತನ್ನಿ. ಎಲೆ, ಹುಲ್ಲು ಇದ್ದರೆ ಇಷ್ಟಕ್ಕೇ ಬಿಟ್ಟುಹೋಗುತ್ತದೆ. ರಿವರ್ಸ್‌ನಲ್ಲಿ ಚುಕ್ಕಾಣಿ ಬಹುಮಟ್ಟಿಗೆ ಕೆಲಸ ಮಾಡದೆಂಬುದು ನೆನಪಿರಲಿ. ದೋಣಿ ಅಡ್ಡ ತಿರುಗಿದರೆ ಗಾಬರಿಯಾಗಬೇಡಿ, ದಡವನ್ನು ಕಾಲಿನಿಂದ ತಳ್ಳಲು ಹೋಗಬೇಡಿ. ಹದಿನೈದು ಟನ್ನಿನ ಆಸುಪಾಸಿನ ಉಕ್ಕು ಅದು.

ಬಿಡದಿದ್ದರೆ ದಡಕ್ಕೆ ಕಟ್ಟಿ, ಎಂಜಿನ್ ಆರಿಸಿ, ಕೀಲಿ ತೆಗೆದು ನಿಮ್ಮ ಜೇಬಿಗೇ ಹಾಕಿಕೊಳ್ಳಿ. ಬೇರೆಯವರ ಕೈಗೆ ಕೊಡಬೇಡಿ. ಹಿಂಬದಿಯ ಹಲಗೆ ಎತ್ತಿದರೆ ಫ್ಯಾನಿನ ನೇರ ಮೇಲೆ ವೀಡ್ ಹ್ಯಾಚ್ ಎಂಬ ಪೆಟ್ಟಿಗೆಯಾಕಾರದ ಕಂಡಿ ಸಿಗುತ್ತದೆ. ಅದರ ಮುಚ್ಚಳ ತೆರೆದು, ತೋಳು ಇಳಿಸಿ ತಡಕಿ ನೋಡಿ. ಮುಳ್ಳು, ತಂತಿ ಇರಬಹುದಾದ್ದರಿಂದ ದಪ್ಪ ಕೈಗವಸು ಬೇಕೇ ಬೇಕು. ಮುಗಿದ ಮೇಲೆ ಮುಚ್ಚಳ ಸರಿಯಾಗಿ ಕೂತಿದೆಯೇ, ಅಡ್ಡಪಟ್ಟಿ ಬಿಗಿಯಾಗಿದೆಯೇ ಎಂದು ಎರಡೆರಡು ಸಲ ನೋಡಿ. ಅದು ಸಡಿಲವಿದ್ದು ಫ್ಯಾನ್ ತಿರುಗಿದರೆ ನೀರು ಎಂಜಿನ್ ಕೋಣೆಗೆ ನುಗ್ಗುತ್ತದೆ. ದೋಣಿಗಳು ಮುಳುಗಿರುವುದೂ ಉಂಟು.

ಪ್ರಶ್ನಿಸಿದವರು

ಸಿಕ್ಕಿತು. ನೀಲಿ ನೈಲಾನ್ ಹಗ್ಗ, ಅದರ ಮೇಲೆ ಕಪ್ಪು ಪ್ಲಾಸ್ಟಿಕ್ ಚೀಲ, ಎಲ್ಲವೂ ಶಾಫ್ಟಿಗೆ ಬಿಗಿದು ಕಟ್ಟಿದ ಹಾಗಿತ್ತು. ನಮ್ಮೂರಲ್ಲಿ ಬಲೆಯ ನೂಲು ಸುತ್ತಿಕೊಂಡಾಗ ಮಾಡುವಂತೆ ತುದಿ ಹುಡುಕುವುದನ್ನು ಬಿಟ್ಟು, ಬ್ರೆಡ್ ಚಾಕುವಿನಿಂದ ಒಂದೊಂದೇ ಸುತ್ತು ಕೊಯ್ದೆ. ನಲವತ್ತು ನಿಮಿಷವಾಯಿತು; ನೀರಿನ ತಣ್ಪಿಗೆ ಬೆರಳು ಮರಗಟ್ಟಿದವು. ಮುಚ್ಚಳ ಬಿಗಿದು ಪರೀಕ್ಷಿಸಿದೆವು, ಒಂದು ಹನಿಯೂ ಒಳಬಂದಿಲ್ಲ. ನಡುಕ ನಿಂತಿದೆ. ಆದರೂ ನಡೆದು ಹೋಗುವವರು ನಮ್ಮನ್ನು ಹಿಂದೆ ಹಾಕುತ್ತಿದ್ದಾರೆ. ಇನ್ನೇನಾದರೂ ಉಳಿದಿದೆಯೇ?

ಹೊನ್ನಾವರದವರು

ಇಲ್ಲ, ಅದು ಈ ಕಾಲುವೆಯ ಗುಣ. ಇಲ್ಲಿನ ದೋಣಿ ಕಾಲುವೆಗಳಲ್ಲಿ ಸಾಮಾನ್ಯವಾಗಿ ನೀರು ನಿಂತಂತಿರುತ್ತದೆ. ಇದು ಮಾತ್ರ ಹಾರ್ಸ್‌ಶೂ ಫಾಲ್ಸ್ ಬಳಿ ಡೀ ನದಿಯಿಂದ ನೀರು ಪಡೆದು ಹರ್ಲ್ಸ್‌ಟನ್ ಜಲಾಶಯದತ್ತ ಸಾಗಿಸುತ್ತದೆ. ನೀವು ಆ ಹರಿವಿಗೆ ಎದುರಾಗಿ ಹೋಗುತ್ತಿದ್ದೀರಿ, ಕಾಳಿಯಲ್ಲಿ ಇಳಿತದ ಹೊತ್ತಿಗೆ ಸದಾಶಿವಗಡದಿಂದ ಮೇಲಕ್ಕೆ ಹೊರಟಂತೆ. ಚರ್ಕ್ ಸುರಂಗದಲ್ಲಿ ಇದು ಇನ್ನೂ ತಿಳಿಯುತ್ತದೆ. ವೇಗದ ಮಿತಿಯೇ ಗಂಟೆಗೆ 4 ಮೈಲಿ. ಕಟ್ಟಿದ ದೋಣಿಗಳ ಪಕ್ಕದಲ್ಲಿ ಅದಕ್ಕಿಂತಲೂ ನಿಧಾನ ಹೋಗಬೇಕು.

ಮುಂದೆ ಸಿಗುವ, 1805ರಲ್ಲಿ ತೆರೆದ ಪಾಂಟ್‌ಕಿಸಿಲ್ಟೆ ಮೇಲ್ಗಾಲುವೆ (ಕಣಿವೆಯ ಮೇಲೆ ಕಾಲುವೆಯನ್ನು ಹೊತ್ತ ಸೇತುವೆ) ಸುಮಾರು 38 ಮೀಟರ್ ಎತ್ತರದಲ್ಲಿದೆ. ಕಾಲುದಾರಿಯ ಕಡೆ ಕಂಬಿಯಿದೆ, ಇನ್ನೊಂದು ಕಡೆ ಏನೂ ಇಲ್ಲ. ದಾಟುವಾಗ ಮಕ್ಕಳಿದ್ದರೆ ಒಳಗೇ ಕೂರಿಸಿ.

ನ್ಯೂ ಮಾರ್ಟನ್‌ನಲ್ಲಿ ಎರಡು ಲಾಕ್‌ಗಳಿವೆ (ನೀರು ತುಂಬಿ, ಖಾಲಿ ಮಾಡಿ ದೋಣಿಯನ್ನು ಏರಿಸಿ ಇಳಿಸುವ ಗೇಟಿನ ಕೋಣೆಗಳು); ಹೋಗುವಾಗ ಅಲ್ಲಿ ಏರುತ್ತೀರಿ. ಆಗ ದೋಣಿಯ ಮೂತಿ ಗೇಟಿಗೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಮರಳುವಾಗ ಇಳಿಯುತ್ತೀರಿ, ಅಪಾಯ ಹೆಚ್ಚಿರುವುದು ಆಗಲೇ. ಮೇಲ್ಗೇಟಿನ ಬುಡದಲ್ಲಿ ಸಿಲ್ ಎಂಬ ಕಟ್ಟೆಯಿದೆ, ಅದರ ಅಂಚನ್ನು ಗೋಡೆಯ ಮೇಲೆ ಬಿಳಿ ಗೆರೆ ತೋರಿಸುತ್ತದೆ. ನೀರು ಇಳಿಯುವಾಗ ಕಟ್ಟೆಯ ಮೇಲೆ ಕೂರದಂತೆ ದೋಣಿಯ ಹಿಂಬದಿ ಆ ಗೆರೆಗಿಂತ ಮುಂದೆಯೇ ಇರಬೇಕು. ಒಬ್ಬರು ಪ್ಯಾಡಲ್ (ನೀರು ಬಿಡುವ ಕಿಂಡಿಯ ಬಾಗಿಲು) ಬಳಿ ವಿಂಡ್ಲಾಸ್ (ಅದನ್ನು ತಿರುಗಿಸುವ ಹಿಡಿಕೆ) ಹಿಡಿದು ನಿಂತು, ಕಣ್ಣು ದೋಣಿಯ ಮೇಲಿಟ್ಟಿರಲಿ. ಅದು ಎಲ್ಲಾದರೂ ತಗುಲಿಕೊಂಡರೆ ತಕ್ಷಣ ಪ್ಯಾಡಲ್ ಮುಚ್ಚಲು.