ಅಜ್ಜಿ ಮುಖಕ್ಕೆ ನೆರಳು ಹಾಕಿದ್ರೆ ಮಸಿ ಬಳಿದ ಹಾಗೆ ಆಗ್ತಿದೆ, ಏನು ಮಾಡ್ಲಿ?

ಜಗಲಿಚಿತ್ರ:

ಎಲ್ಲರಿಗೂ ನಮಸ್ಕಾರ. ಮಕ್ಕಳ ಪುಸ್ತಕವೊಂದಕ್ಕೆ ಚಿತ್ರ ಬರೀತಿದೀನಿ, ಟ್ಯಾಬ್ಲೆಟ್ ಮೇಲೆ, ಕ್ರಿತಾ ಅನ್ನೋ ಚಿತ್ರ ಬರೆಯೋ ಸಾಫ್ಟ್‌ವೇರ್‌ನಲ್ಲಿ. ಈ ಕೆಲಸಕ್ಕೆ ಹೊಸಬಳು. ಒಂದು ಪುಟದಲ್ಲಿ ಅಜ್ಜಿ ಜಗಲಿ ಮೇಲೆ ಕೂತು ಹಲಸಿನಹಣ್ಣು ಬಿಡಿಸ್ತಿದಾಳೆ. ತೀರ್ಥಹಳ್ಳಿ ಕಡೆಯ ಮನೆ. ಮೇ ತಿಂಗಳ ಮಧ್ಯಾಹ್ನ, ಅಂಗಳದಲ್ಲಿ ಕಣ್ಣು ಕುಕ್ಕೋ ಬಿಸಿಲು, ಜಗಲಿಯಲ್ಲಿ ನೆರಳು, ಕೆಂಪು ಸಿಮೆಂಟಿನ ನೆಲ. ಮಾದರಿ ನಮ್ಮಜ್ಜಿನೇ: ಎಣ್ಣೆಗಪ್ಪು ಮೈ, ಮೂಗುಬೊಟ್ಟು, ಕೆಂಪಂಚಿನ ಹಸಿರು ಸೀರೆ.

ಮೈಬಣ್ಣಕ್ಕೆ ಆರ್‌ಜಿಬಿ (ಕೆಂಪು, ಹಸಿರು, ನೀಲಿಯ ಪ್ರಮಾಣ, ಸೊನ್ನೆಯಿಂದ 255ರ ತನಕ) 138, 90, 60 ತಗೊಂಡೆ. ನೆರಳಿಗೆ ಅದರ ಮೇಲೊಂದು ಲೇಯರ್, ಮಲ್ಟಿಪ್ಲೈ ಮೋಡ್, ಕಪ್ಪು ಬಣ್ಣ, ಒಪಾಸಿಟಿ (ಲೇಯರ್ ಎಷ್ಟು ಗಾಢ ಅನ್ನೋದು) 50%. ವಿಡಿಯೋಗಳಲ್ಲಿ ಹಾಗೇ ಹೇಳ್ಕೊಡ್ತಾರೆ. ಆದ್ರೆ ಅಜ್ಜಿ ಈಗಷ್ಟೇ ಹೊಗೆಗೂಡು ಕೆರೆದು ಬಂದ ಹಾಗೆ ಕಾಣ್ತಾಳೆ. ಪ್ರೂಫ್, ಅಂದ್ರೆ ಅಚ್ಚಿನ ಮಾದರಿ ತೆಗೆಸಿದ್ರೆ ಇನ್ನೂ ಕೆಟ್ಟದಾಯ್ತು. ತುರುಬು, ಸೀರೆ ನೆರಿಗೆ, ಹಿಂದಿನ ಮರದ ಕಂಬ ಎಲ್ಲಾ ಸೇರಿ ಒಂದೇ ಮುದ್ದೆ. ನನ್ನ ತಮ್ಮ ನೋಡಿ "ಹಲಸಿನಹಣ್ಣು ಚೆನ್ನಾಗಿದೆ, ಅಜ್ಜಿ ಎಲ್ಲಿ?" ಅಂದ.

"ಮೈಬಣ್ಣ ಸ್ವಲ್ಪ ತಿಳಿ ಮಾಡಿಬಿಡು, ಸರಿಹೋಗತ್ತೆ" ಅಂತ ಒಬ್ಬರು ಹೇಳಿದ್ರು. ಅದೊಂದು ಮಾತ್ರ ಬೇಡ. ನಮ್ಮಜ್ಜಿ ಕಪ್ಪಗಿದ್ದಳು, ಪುಸ್ತಕದಲ್ಲೂ ಕಪ್ಪಗೇ ಇರಬೇಕು.

ಬ್ಯಾನರ್ ಮೇಷ್ಟ್ರು:

ತಿಳಿ ಮಾಡ್ಬೇಡಿ ಕಣಮ್ಮಾ. ತಪ್ಪಿರೋದು ಮೈಬಣ್ಣದಲ್ಲಲ್ಲ.

ನಾನು ಮೈಸೂರಿನಲ್ಲಿ ಸಿನಿಮಾ ಬ್ಯಾನರ್ ಬರೀತಿದ್ದವನು. ಫ್ಲೆಕ್ಸ್ ಬಂದು ಕೆಲಸ ಹೋಯ್ತು, ಈಗ ಮಗಳ ಹಳೇ ಟ್ಯಾಬ್ಲೆಟ್‌ನಲ್ಲಿ ಗೀಚ್ತೀನಿ. ಮೊದಲು ನಿಮ್ಮ ಲೆಕ್ಕ ನೋಡೋಣ. ಮಲ್ಟಿಪ್ಲೈ ಅಂದ್ರೆ ಗುಣಾಕಾರ, ಮೇಲಿನ ಕೆಳಗಿನ ಸಂಖ್ಯೆ ಗುಣಿಸಿ 255ರಿಂದ ಭಾಗಿಸೋದು. ಕಪ್ಪು ಅಂದ್ರೆ ಸೊನ್ನೆ. ಸೊನ್ನೆಯಿಂದ ಗುಣಿಸಿದ್ರೆ ಏನು ಬರತ್ತೆ? ಸೊನ್ನೆನೇ. ಅಂದ್ರೆ ಕಪ್ಪನ್ನ ಮಲ್ಟಿಪ್ಲೈಯಲ್ಲಿ ಹಾಕಿದ್ರೂ ಒಂದೇ, ನಾರ್ಮಲ್‌ನಲ್ಲಿ ಹಾಕಿದ್ರೂ ಒಂದೇ, ಕೂದಲೆಳೆ ವ್ಯತ್ಯಾಸ ಇಲ್ಲ. 50%ಗೆ ನಿಮ್ಮ 138, 90, 60 ಹೋಗಿ 69, 45, 30 ಆಯ್ತು. ಮೂರೂ ಅರ್ಧ. ಬೆಳಕು ಕಮ್ಮಿಯಾಯ್ತೇ ಹೊರತು ಬಣ್ಣ ಜಗ್ಗಲಿಲ್ಲ. ದೀಪದ ಬತ್ತಿ ತಗ್ಗಿಸಿದ ಹಾಗೆ ಅಷ್ಟೆ.

ಜಗಲಿ ನೆರಳು ಹಾಗಿರಲ್ಲ. ನೆರಳು ಬೇರೆ, ಕತ್ತಲೆ ಬೇರೆ. ಬಿಸಿಲು ನೇರ ಬೀಳದಿದ್ರೂ ಅಲ್ಲಿಗೆ ಎರಡು ಕಡೆಯಿಂದ ಬೆಳಕು ಬರ್ತಿದೆ. ಸೂರಿನಾಚೆ ಕಾಣೋ ಆಕಾಶದಿಂದ ನೀಲಿ, ಅಂಗಳದ ಕೆಂಪು ಮಣ್ಣಿಗೆ ಬಡಿದು ಮೇಲೇಳೋ ಕಾವಿ. ಹಣೆ, ಮೂಗಿನ ಮೇಲ್ಭಾಗ, ಹೆಗಲು ಹೀಗೆ ಮೇಲ್ಮುಖ ಇರೋದಕ್ಕೆಲ್ಲ ಆಕಾಶದ ಛಾಯೆ. ಗದ್ದದ ಕೆಳಗು, ಮೂಗಿನ ಹೊಳ್ಳೆ, ಅಂಗೈ ಇವಕ್ಕೆ ನೆಲದ ಛಾಯೆ. ನಿಮಗೆ ಕೆಂಪು ನೆಲ ಬೇರೆ ಇದೆ, ಪುಣ್ಯವಂತರು.

ಕಪ್ಪಿನ ಬದಲು ಅದೇ ಲೇಯರ್‌ನಲ್ಲಿ 150, 140, 190 ಹಾಕಿ ನೋಡಿ, ಒಪಾಸಿಟಿ 100%. ಮೈಬಣ್ಣ 81, 49, 45ಕ್ಕೆ ಇಳಿಯತ್ತೆ. ಕಂದು ಸ್ವಲ್ಪ ಕೆಂಪಿನ ಕಡೆ ವಾಲತ್ತೆ, ಆದ್ರೆ ಜೀವ ಇರತ್ತೆ. ಇದೇ ಸಂಖ್ಯೆ ಎಲ್ಲಾ ಕಡೆ ನಡೆಯಲ್ಲ, ಚಿಮಣಿ ಬೆಳಕಿನ ಚಿತ್ರಕ್ಕೆ ಹಾಕಿದ್ರೆ ಹೆಣದ ಬಣ್ಣ ಬರತ್ತೆ.

ಈಗ ಮುಖ್ಯವಾದ್ದು. ನೀವೇ ಬರೆದಿದ್ದೀರಿ, ಎಣ್ಣೆಗಪ್ಪು ಅಂತ. ಬಿಳಿಚಿಕೊಂಡ ಮೈಯಲ್ಲಿ ಮುಖದ ಉಬ್ಬುತಗ್ಗು ತೋರಿಸೋದು ನೆರಳು. ಎಣ್ಣೆಗಪ್ಪು ಮೈಯಲ್ಲಿ ಆ ಕೆಲಸ ಮಾಡೋದು ಹೊಳಪು. ನೀವು ನೆರಳನ್ನೇ ತಿದ್ದುತಾ ಕೂತಿದ್ದೀರಿ, ಹೊಳಪಿಗೆ ಕೈ ಹಾಕೇ ಇಲ್ಲ. ಹೊಳಪು ಚರ್ಮದ ಬಣ್ಣ ತಗೊಳಲ್ಲ, ಎದುರಿಗಿರೋ ಬೆಳಕಿನ ಬಣ್ಣ ತಗೊಳತ್ತೆ. ಹಾಗಾಗಿ ಕಂದುಬಣ್ಣಕ್ಕೇ ಬಿಳಿ ಬೆರೆಸಿ ಹಚ್ಚಬೇಡಿ, ವಿಭೂತಿ ಥರ ಕಾಣತ್ತೆ. ಹಣೆ ಮೇಲೆ ಬೂದುನೀಲಿ ಇಡಿ. ಅಂಗಳದ ಕಡೆಗಿರೋ ಕೆನ್ನೆಮೂಳೆ ಮೇಲೆ ತಿಳಿ ಹಳದಿ, ಅದೂ ಒಂದೇ ಏಟು.

ನಾವು ಇಪ್ಪತ್ತಡಿ ಮುಖ ಬರೆಯುವಾಗ ಕೆನ್ನೆ ನೆರಳಿಗೆ ನೀಲಿ, ಕತ್ತಿನ ಕೆಳಗೆ ಹಸಿರು ಬಳೀತಿದ್ವಿ. ಏಣಿ ಹಿಡ್ಕೊಂಡಿದ್ದ ಹುಡುಗ ನಗೋನು. ರಸ್ತೆ ಆಚೆ ಹೋಗಿ ನಿಂತು ನೋಡಿದ ಮೇಲೆ ಬಾಯಿ ಮುಚ್ಚೋನು. ಕಪ್ಪು ಡಬ್ಬ ಅಂಗಡಿಯಿಂದ ತರ್ತಿದ್ವಿ, ಆದ್ರೆ ಅದು ಅಕ್ಷರಕ್ಕೆ. ಮುಖಕ್ಕೆ ಕಡುಗಪ್ಪು ಬೇಕಾದ್ರೆ ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಅಂಬರ್ ಅನ್ನೋ ಕಡುಗಂದು ಬೆರೆಸ್ತಿದ್ವಿ. ನೀಲಿ ಜಾಸ್ತಿ ಮಾಡಿದ್ರೆ ತಣ್ಣಗಿನ ಕಪ್ಪು, ಅಂಬರ್ ಜಾಸ್ತಿ ಮಾಡಿದ್ರೆ ಬೆಚ್ಚಗಿನ ಕಪ್ಪು.

ಮೈಸೂರಿಗೆ ಬಂದ್ರೆ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿ. ಸುಮಾರು ಜನ ಅದನ್ನ ರವಿವರ್ಮಂದು ಅಂದ್ಕೊಂಡಿದ್ದಾರೆ, ಬರೆದದ್ದು ಎಸ್. ಎಲ್. ಹಲ್ದಂಕರ್, ಅದೂ ಜಲವರ್ಣದಲ್ಲಿ. ಎಲ್ಲರೂ ದೀಪ ನೋಡ್ತಾರೆ. ನೀವು ದೀಪಕ್ಕೆ ಮರೆ ಹಿಡಿದ ಬೆರಳು ನೋಡಿ, ಬೆಳಕು ಚರ್ಮದೊಳಗೆ ಹೊಕ್ಕು ಕೆಂಪಾಗಿ ಆಚೆ ಬಂದಿದೆ. ಆಮೇಲೆ ಹಿಂದಿನ ಗೋಡೆ ಮೇಲಿನ ನೆರಳು ನೋಡಿ.

ನಾಲ್ಕುಪ್ಲೇಟು:

ಮೇಷ್ಟ್ರು ಹೇಳಿದ್ದು ಸ್ಕ್ರೀನಿಗಾಯ್ತು. ಪ್ರೂಫಿನ ಮುದ್ದೆಗೆ ಕಾರಣ ಬೇರೆ. ನಾನು ಪ್ರೆಸ್ಸಿನವನು. ಪುಸ್ತಕ ಹೊಳಪಿಲ್ಲದ ಮ್ಯಾಪ್‌ಲಿಥೋ ಕಾಗದನಾ, ನುಣುಪಾದ ಆರ್ಟ್ ಪೇಪರ್‌ನಾ? ಮ್ಯಾಪ್‌ಲಿಥೋ ಇಂಕು ಹೀರತ್ತೆ, ಚುಕ್ಕೆ ಹರಡತ್ತೆ, ಕಡುಬಣ್ಣದ ಚುಕ್ಕೆಗಳು ಒಂದಕ್ಕೊಂದು ಅಂಟಿ ಸಂದಿಯೇ ಮುಚ್ಚಿಹೋಗತ್ತೆ. ಸ್ಕ್ರೀನಲ್ಲಿ ಕಂಬಕ್ಕೂ ತುರುಬಿಗೂ ಕಾಣೋ ಸಣ್ಣ ವ್ಯತ್ಯಾಸ ಕಾಗದದಲ್ಲಿ ಉಳಿಯಲ್ಲ. ಕಂಬವನ್ನ ಧಾರಾಳವಾಗಿ ತಿಳಿ ಮಾಡಿ, ಕಡುಬಣ್ಣ ತುರುಬಿಗೆ ಮೀಸಲಿಡಿ.

ಇನ್ನೊಂದು, ಆರ್‌ಜಿಬಿ ಕಪ್ಪನ್ನ ಫೋಟೋಶಾಪ್ ಹಳೇ ಡೀಫಾಲ್ಟ್‌ನಲ್ಲೇ ಸಿಎಂವೈಕೆಗೆ (ಅಚ್ಚಿನ ನಾಲ್ಕು ಇಂಕು: ಸಯಾನ್, ಮೆಜೆಂಟಾ, ಹಳದಿ, ಕಪ್ಪು) ತಿರುಗಿಸಿದ್ರೆ ಶೇಕಡಾ 75, 68, 67, 90 ಬರತ್ತೆ. ಕೂಡಿ ನೋಡಿ, 300. ಅಷ್ಟು ಇಂಕು ಆ ಕಾಗದ ತಡೆಯಲ್ಲ, ಬೇಗ ಒಣಗೋದೂ ಇಲ್ಲ, ಮೇಲೆ ಬೀಳೋ ಹಾಳೆಯ ಬೆನ್ನಿಗೆ ಅಂಟತ್ತೆ. ಕಥೆಯ ಅಕ್ಷರಗಳನ್ನಂತೂ ಬರೀ ಕೆ 100ರಲ್ಲೇ, ಅಂದ್ರೆ ಕಪ್ಪು ಇಂಕೊಂದರಲ್ಲೇ ಇಡಿ. ನಾಲ್ಕು ಬಣ್ಣದಲ್ಲಿ ಕೂರಿಸಿದ್ರೆ ರಿಜಿಸ್ಟ್ರೇಷನ್ (ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರೋದು) ಕೂದಲಷ್ಟು ಜಾರಿದ್ರೂ ಒತ್ತಕ್ಷರಕ್ಕೆಲ್ಲ ಬಣ್ಣದ ಬಾಲ ಬರತ್ತೆ.

ರಾತ್ರಿಪಾಳಿ:

ನಾನು ಆ್ಯಪ್ ಡಿಸೈನ್ ಮಾಡೋನು, ಚಿತ್ರದ ವಿಷಯ ಗೊತ್ತಿಲ್ಲ. ನಮ್ಮಲ್ಲೂ ಇದೇ ಗೋಳು. ಡಾರ್ಕ್ ಮೋಡ್‌ಗೆ ಅಪ್ಪಟ ಕಪ್ಪು ಹಾಕಿ, ಪರದೆ ಮೇಲೆ ಮಾಹಿತಿ ತೋರಿಸೋ ಚೌಕ, ಅದೇ ಕಾರ್ಡು, ಅದರ ಕೆಳಗೆ ನೆರಳು ಕೊಟ್ಟೆ. ಕಪ್ಪಿನ ಮೇಲೆ ನೆರಳು ಎಲ್ಲಿ ಕಾಣಬೇಕು! ಗೂಗಲ್‌ನ ವಿನ್ಯಾಸ ಸೂತ್ರ ಮಟೀರಿಯಲ್ ಡಿಸೈನ್ ಹಿನ್ನೆಲೆಗೆ #121212 ಅನ್ನೋ ಬೂದುಗಪ್ಪು ಹೇಳಿದ್ದು ಇದಕ್ಕೇ. ಅಲ್ಲಿ ಮೇಲೆದ್ದು ಕಾಣಬೇಕಾದ್ದನ್ನ ಸ್ವಲ್ಪ ಬೆಳ್ಳಗೆ ಮಾಡ್ತಾರೆ. ಅಜ್ಜಿ ಹೊಳಪಿನ ಲೆಕ್ಕವೇ ಅಲ್ವಾ ಮೇಷ್ಟ್ರೇ?

ಜಗಲಿಚಿತ್ರ:

ಎಲ್ಲರಿಗೂ ಥ್ಯಾಂಕ್ಸ್. ಮ್ಯಾಪ್‌ಲಿಥೋನೇ. ಕಪ್ಪು ಲೇಯರ್ ಅಳಿಸಿ ನಿನ್ನೆ ರಾತ್ರಿ ಪೂರ್ತಿ ಮತ್ತೆ ಮಾಡಿದೆ, ಹೊಸ ಚಿತ್ರ ಮೇಲೆ ಹಾಕಿದೀನಿ. ಗದ್ದದ ಕೆಳಗೆ ಕಾವಿ ಹಚ್ಚುವಾಗ ಕೈ ನಡುಗ್ತಿತ್ತು, ಜ್ವರ ಬಂದ ಹಾಗೆ ಕಾಣತ್ತೇನೋ ಅಂತ. ದೂರ ಇಟ್ಟು ನೋಡಿದ್ರೆ ಸರಿಯಾಗಿದೆ. ಕಂಬ ತಿಳಿ ಮಾಡಿದ ಮೇಲೆ ತುರುಬು ತಾನಾಗೇ ಎದ್ದು ಬಂತು. ಅಪ್ಪಟ ಕಪ್ಪನ್ನ ಸೀರೆ ನೆಲಕ್ಕೆ ತಾಗೋ ಸಂದಿಯಲ್ಲಿ ಮಾತ್ರ ಒಂದು ಗೆರೆ ಉಳಿಸ್ಕೊಂಡೆ. ಅಜ್ಜಿ ಮೊದಲಿಗಿಂತ ಬೆಳ್ಳಗಾಗಿಲ್ಲ ಅನ್ನೋದೇ ಖುಷಿ. ತಮ್ಮ ಈ ಸಲ ಏನೂ ಅನ್ನಲಿಲ್ಲ, ಸುಮ್ಮನೆ ನೋಡ್ತಾ ಇದ್ದ.

ಆದ್ರೂ ಏನೋ ಕೊರತೆ. ಮೂಗುಬೊಟ್ಟಾ?

ಬ್ಯಾನರ್ ಮೇಷ್ಟ್ರು:

ಮೂಗುಬೊಟ್ಟು ಸರಿಯಾಗಿದೆ. ಇಡೀ ಪುಟದಲ್ಲಿ ಅಪ್ಪಟ ಬಿಳಿ ಅದೊಂದು ಚುಕ್ಕೆ ಮಾತ್ರ ಇರಲಿ, ತೊಳೆಗಳ ಮೇಲೆ ಇಟ್ಟಿದ್ದೀರಲ್ಲ, ಅವನ್ನ ತೆಗೀರಿ.

ಕೊರತೆ ಇರೋದು ಕೈಯಲ್ಲಿ. ಹಲಸು ಬಿಡಿಸೋರು ಮೇಣ ಅಂಟಬಾರದು ಅಂತ ಮೊದಲು ಕೈಗೆ ಎಣ್ಣೆ ಸವರ್ಕೊಳ್ತಾರೆ. ನಿಮ್ಮಜ್ಜಿ ಮುಖ ಹೊಳೀತಿದೆ, ಕೈ ಒಣಗಿದೆ.