ಬೆಟ್ಟದ ಮೇಲೆ ಗುಡುಗು ಮೋಡ, ಫೋಟೋ ಸರಿ ಬರುತ್ತಿಲ್ಲ

ಪ್ರಶ್ನೆ: ಬೇಸಿಗೆಯಲ್ಲಿ ಮಧ್ಯಾಹ್ನ ಕಳೆದ ಮೇಲೆ ಬೆಟ್ಟದ ಹಿಂದೆ ಕಪ್ಪು ಮೋಡ ಕಟ್ಟುತ್ತದೆ, ನೋಡೋಕೆ ಭಯಂಕರ ಚೆಂದ, ಆದರೆ ಫೋಟೋದಲ್ಲಿ ಮೋಡ ಬೆಳ್ಳಗೆ, ಇಲ್ಲವೇ ಬೆಟ್ಟ ಪೂರ್ತಿ ಕಪ್ಪು. ಏನು ಮಾಡಲಿ?

ಉತ್ತರ: ರಾ ಫೈಲ್‌ನಲ್ಲಿ (ಕ್ಯಾಮೆರಾ ಹಿಡಿದ ಬೆಳಕಿನ ಮಾಹಿತಿಯನ್ನು ಕುಗ್ಗಿಸದೆ ಉಳಿಸುವ ಫೈಲ್) ತೆಗೆಯಿರಿ. ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣ) ಮೋಡಕ್ಕೆ ಹೊಂದಿಸಿ. ಬೆಟ್ಟ ಸ್ವಲ್ಪ ಕಪ್ಪಾದರೂ ಆಮೇಲೆ ಬೆಳಗಿಸಬಹುದು, ಮೋಡದ ಬಿಳಿ ಭಾಗ ಒಮ್ಮೆ ಸುಟ್ಟುಹೋದರೆ, ಅಂದರೆ ವಿವರವೇ ಇಲ್ಲದೆ ಬರೀ ಬಿಳಿಯಾದರೆ, ವಾಪಸ್ ಬರುವುದಿಲ್ಲ. ಸ್ಕ್ರೀನ್ ನಂಬಬೇಡಿ, ಹಿಸ್ಟೋಗ್ರಾಮ್ (ಫೋಟೋದಲ್ಲಿ ಕಪ್ಪಿನಿಂದ ಬಿಳಿವರೆಗೆ ಯಾವುದು ಎಷ್ಟಿದೆ ಅಂತ ಕ್ಯಾಮೆರಾ ತೋರಿಸುವ ನಕ್ಷೆ) ನೋಡಿ.

ಉತ್ತರ: ಸುಮ್ನೆ ಮೋಡ ತೆಗೆದರೆ ಸಾಲದು. ಮಳೆ ನಿಲ್ಲುವ ಹೊತ್ತಿಗೆ ಮೋಡದ ಸಂದಿಯಿಂದ ಬಿಸಿಲು ಇಳಿಜಾರಿನ ಮೇಲೆ ಬೀಳುತ್ತದೆ, ಅದಕ್ಕೆ ಕಾಯಿರಿ. (ಜಾಸ್ತಿ ಜನ ಆಗಲೇ ಬ್ಯಾಗ್ ಕಟ್ಟಿರುತ್ತಾರೆ.)

ಉತ್ತರ: ಮೊದಲು ಜೀವ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ ಅಂತ ಲೆಕ್ಕ. ಟ್ರೈಪಾಡ್ ಅಲ್ಲೇ ಬಿಟ್ಟಾದರೂ ಶಿಖರದಿಂದ ಇಳಿಯಿರಿ.

ಪ್ರಶ್ನೆ ಕೇಳಿದವರು: ಕಾರಿನ ಗಾಜು ಏರಿಸಿ ಒಳಗಿಂದಲೇ ತೆಗೆಯಬಹುದು ಅಲ್ವಾ?

ಉತ್ತರ: ಆಗುತ್ತದೆ. ಲೆನ್ಸ್ ಗಾಜಿಗೆ ಒತ್ತಿ ಹಿಡಿಯಿರಿ, ಪ್ರತಿಬಿಂಬ ಬೀಳುವುದಿಲ್ಲ.